ಮೆಣಸಿನ ಬೀಜದ ಬಾಣಂತನ

ದಲ್ಗೋಲ್ ಎಂಬ ಬೆಟ್ಟದ ಊರಿನಲ್ಲಿ ಪ್ಯೋ ಮಾನ್‌ಬೊಕ್‌ನ ಕೈಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ. ಕೊಟ್ಟರೆ ಅದು ಒಡೆಯುತ್ತಿತ್ತು, ಕಳೆದುಹೋಗುತ್ತಿತ್ತು, ಇಲ್ಲವೇ ಬೆಂದುಹೋಗುತ್ತಿತ್ತು. ಮನುಷ್ಯ ಕೆಟ್ಟವನಲ್ಲ ಪಾಪ, ಸಹಾಯ ಮಾಡುವ ಚಪಲ ಸ್ವಲ್ಪ ಹೆಚ್ಚು. ಅಂಥವನ ಕೈಗೆ ಹೆಂಡತಿ ಒಕ್‌ಬುನ್ ತನ್ನ ತವರಿನ ಮೆಣಸಿನ ಬೀಜ ಒಪ್ಪಿಸಿ ಊರು ಬಿಟ್ಟು ಹೊರಟಳೆಂದರೆ ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ದೇಗು ಪಟ್ಟಣದಲ್ಲಿದ್ದ ಅವಳ ಅಕ್ಕ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದಳು. ಅಕ್ಕನ ಸೊಂಟ ಕಾಯುವುದಿಲ್ಲ, ಮೆಣಸಿನ ಬೀಜವೂ ಕಾಯುವುದಿಲ್ಲ.

ಆ ಮೆಣಸು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಕ್‌ಬುನ್ ಮದುವೆಯಾಗಿ ಬರುವಾಗ ಅವಳ ತಾಯಿ ಲಂಗದ ಅಂಚಿಗೆ ಗಂಟು ಹಾಕಿ ಕಳಿಸಿಕೊಟ್ಟದ್ದು. ಕಾಯಿ ಗಿಡ್ಡ, ಸೊಟ್ಟ, ನೋಡಲು ಏನೇನೂ ಚೆಂದವಿಲ್ಲ. ಆದರೆ ಅದರ ಪುಡಿ ಹಾಕಿದ ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ತಿಂದವರು ಮೊದಲು ಅಳುತ್ತಿದ್ದರು, ಆಮೇಲೆ ಇನ್ನೊಂದು ಬಟ್ಟಲು ಅನ್ನ ಕೇಳುತ್ತಿದ್ದರು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಪ್ರತಿವರ್ಷ ಚಳಿ ಇನ್ನೂ ಅಂಗಳದಲ್ಲಿ ಕೂತಿರುವಾಗಲೇ ಒಕ್‌ಬುನ್ ಆ ಬೀಜಗಳನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಂಬಳಿ ಹೊದಿಸಿ, ಕೋಣೆಯ ಬೆಚ್ಚಗಿನ ಮೂಲೆಯಲ್ಲಿ ಮಲಗಿಸುತ್ತಿದ್ದಳು. ಹೊರಗಿನ ಒಲೆಯ ಬಿಸಿ ನೆಲದ ಅಡಿಯಲ್ಲಿ ಹಾದು ಮೊದಲು ತಲುಪುವುದು ಆ ಮೂಲೆಯನ್ನೇ. ಉಳಿದ ದಿನಗಳಲ್ಲಿ ಆ ಮೂಲೆ ಮನೆಯ ಯಜಮಾನನದು. ಬೀಜ ಮಲಗಿದ ದಿನಗಳಲ್ಲಿ ಯಜಮಾನ ಬಾಗಿಲ ಬಳಿ ಮುದುಡಿಕೊಳ್ಳುತ್ತಿದ್ದ.

ಹಿಂದಿನ ವರ್ಷ ಮಾನ್‌ಬೊಕ್‌ಗೆ ಸಹಾಯ ಮಾಡುವ ಮನಸ್ಸಾಯಿತು. ಮೊಳಕೆ ಬೇಗ ಬರಲೆಂದು ಅವನು ಒಲೆಗೆ ಕಂಠಮಟ್ಟ ಸೌದೆ ತುರುಕಿದ. ನೆಲಕ್ಕೆ ಅಂಟಿಸಿದ್ದ ಎಣ್ಣೆಕಾಗದ ಕಂದು ಬಣ್ಣಕ್ಕೆ ತಿರುಗಿತು, ಕೋಣೆಯಲ್ಲಿ ಘಮಘಮ ವಾಸನೆ ಬಂತು, ಬೀಜ ಹದವಾಗಿ ಬೆಂದಿತ್ತು. ಒಕ್‌ಬುನ್ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮಾತಿಲ್ಲದೆ ಅಂಗಳಕ್ಕೆ ಹೋಗಿ, ಬಟ್ಟೆ ಕೊಡವಿ, ಆ ವರ್ಷವೆಲ್ಲ ಸಂತೆಯ ಮೆಣಸು ತಂದು ಅಡುಗೆ ಮಾಡಿದಳು.

ಈಗ ಉಳಿದದ್ದು ಸೋರೆಬುರುಡೆಯ ತಳದಲ್ಲಿ ಸಿಕ್ಕಿದ ಹಳೆಯ ಬೀಜ, ಒಂದೇ ಹಿಡಿ.

"ಕಿವಿಗೊಟ್ಟು ಕೇಳಿಸ್ಕೊಳ್ರೀ," ಎಂದಳು ಒಕ್‌ಬುನ್, ಗಂಟು ಹೆಗಲಿಗೇರಿಸುತ್ತ. "ಇದು ಹೋದ್ರೆ ನಮ್ಮಮ್ಮನ ಮೆಣಸು ಭೂಮಿ ಮೇಲಿಂದ್ಲೇ ಹೋಯ್ತು ಅಂತ ತಿಳ್ಕೊಳ್ಳಿ. ಬಿಸಿ ಎಷ್ಟಿರ್ಬೇಕು ಗೊತ್ತಾ? ಕಂಕುಳಲ್ಲಿ ಕೈ ಇಟ್ರೆ ಎಷ್ಟಿರತ್ತೋ ಅಷ್ಟು. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರು ಚಿಮುಕಿಸಿ. ಮುಖ್ಯವಾಗಿ, ಯಾರನ್ನೂ ಒಳಗೆ ಬಿಡ್ಬೇಡಿ. ಬಾಗಿಲು ತೆಗೆದೂ ತೆಗೆದೂ ತಣ್ಣನೆ ಗಾಳಿ ಬಿದ್ರೆ ಮುಗೀತು."

"ನಾನೇನು ಸಣ್ಣ ಮಗೂನಾ?"

"ಮಗು ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು," ಎಂದು ಅವಳು ನಸುಕಿನ ಬಸ್ಸು ಹಿಡಿದು ಹೋದಳು.

ಮಾನ್‌ಬೊಕ್ ಬದಲಾದ ಮನುಷ್ಯನಾದ. ಒಂದೊಂದೇ ಸೌದೆ ಇಡುತ್ತಿದ್ದ. ಗಳಿಗೆಗೊಮ್ಮೆ ಒಂದು ಕೈ ಕಂಕುಳಲ್ಲಿ, ಇನ್ನೊಂದು ಕೈ ಕಂಬಳಿಯೊಳಗೆ ಇಟ್ಟು, ಕಣ್ಣು ಮುಚ್ಚಿ ಎರಡರ ಬಿಸಿಯನ್ನೂ ತೂಗಿ ನೋಡುತ್ತಿದ್ದ. ಒಂಟಿತನಕ್ಕೆ ಬೀಜವನ್ನೇ ಮಾತಾಡಿಸತೊಡಗಿದ. ತೊಂದರೆ ಒಂದೇ: ದಲ್ಗೋಲ್‌ನಲ್ಲಿ ಬಾಗಿಲು ತಟ್ಟಿ ಒಳಗೆ ಬರುವ ಪದ್ಧತಿ ಇರಲಿಲ್ಲ. ಪಕ್ಕದ ಮನೆಯ ಜೊಮ್ರೆ ಕತ್ತರಿ ಕೇಳಲು ಬಂದಳು, ಬಾಗಿಲು ಹಾರುಹೊಡೆಯಿತು. ಕತ್ತರಿ ಹಿಂದಿರುಗಿಸಲು ಬಂದಳು, ಮತ್ತೆ ಹಾರುಹೊಡೆಯಿತು. ಊರ ಮುಖಂಡ ದೊಂಗ್‌ಚಿಲ್ ಇಸ್ಪೀಟಿಗೆ ಕರೆಯಲು ಬಂದವನು ಹೊಸ್ತಿಲ ಮೇಲೆ ನಿಂತೇ ತನ್ನ ಹಸುವಿನ ಕಾಲುನೋವಿನ ಕಥೆಯನ್ನು ಆದ್ಯಂತವಾಗಿ ಹೇಳಿದ. ಅಗಳಿ ಹಾಕೋಣವೆಂದರೆ ಆ ಅಗಳಿಯನ್ನು ಹಿಂದೊಮ್ಮೆ ರಿಪೇರಿ ಮಾಡಿದವನು ಮಾನ್‌ಬೊಕ್ಕೇ.

ತಲೆ ಕೆರೆದುಕೊಳ್ಳುತ್ತ ಹಿತ್ತಲಿಗೆ ಬಂದವನ ಕಣ್ಣು ಸೋಯಾ ಜಾಡಿಯ ಮೇಲೆ ಬಿತ್ತು. ಆ ತಿಂಗಳು ಎಲ್ಲರೂ ಸೋಯಾ ಕಾಳನ್ನು ಉಪ್ಪುನೀರಿನಲ್ಲಿ ಹುಳಿಯಲು ಹಾಕುವ ಕಾಲ. ಕೆಟ್ಟದ್ದು ಹತ್ತಿರ ಸುಳಿಯದಿರಲೆಂದು ಒಕ್‌ಬುನ್ ಜಾಡಿಯ ಕೊರಳಿಗೆ ಹುಲ್ಲಿನ ಹಗ್ಗ ಸುತ್ತಿ, ಅದಕ್ಕೆ ಕೆಂಪು ಮೆಣಸಿನಕಾಯಿ, ಇದ್ದಿಲ ಚೂರು ಸಿಕ್ಕಿಸಿದ್ದಳು. ಹಿಂದೆಲ್ಲ ಒಮ್ಮೊಮ್ಮೆ ಇಂಥದೇ ಹಗ್ಗವನ್ನು ಮನೆಯ ಗೇಟಿಗೂ ಕಟ್ಟುತ್ತಿದ್ದದ್ದು, ಅದನ್ನು ಕಂಡ ಹೊರಗಿನವರು ಒಳಗೆ ಕಾಲಿಡದೆ ಹಾಗೇ ಹಿಂದಿರುಗುತ್ತಿದ್ದದ್ದು ಮಾನ್‌ಬೊಕ್‌ಗೆ ಮಸುಕು ಮಸುಕಾಗಿ ನೆನಪಿತ್ತು. ಜನ ಒಳಗೆ ಬರುವುದಿಲ್ಲ ಎಂಬುದು ನೆನಪಿತ್ತು, ಯಾಕೆ ಬರುವುದಿಲ್ಲ ಎಂಬುದು ಮರೆತುಹೋಗಿತ್ತು. ತಪ್ಪು ಅವನೊಬ್ಬನದೇ ಅಲ್ಲ. ಆ ಊರಿನಲ್ಲಿ ಹುಟ್ಟಿದ ಕೊನೆಯ ಕೂಸು ಈಗ ಮೀಸೆ ಬಿಟ್ಟುಕೊಂಡು ಲಾರಿ ಓಡಿಸುತ್ತಿತ್ತು.

ಅವನು ಹಗ್ಗ ಬಿಚ್ಚಿ ತಂದು ಗೇಟಿಗೆ ಅಡ್ಡ ಕಟ್ಟಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಜೊಮ್ರೆ ಸೂಜಿ ಕೇಳಲು ಬಂದಳು. ಗೇಟಿಗೆ ಹುಲ್ಲಿನ ಹಗ್ಗ. ಹಗ್ಗದಲ್ಲಿ ಕೆಂಪು ಮೆಣಸಿನಕಾಯಿ. ಹೊಲದಲ್ಲಿ ಮಲಗಿರುವ ಅಜ್ಜ ಮುತ್ತಜ್ಜಂದಿರನ್ನು ಎಬ್ಬಿಸಿ ಕೇಳಿದರೂ ಇದಕ್ಕೆ ಒಂದೇ ಅರ್ಥ: ಮನೆಯಲ್ಲಿ ಕೂಸು ಹುಟ್ಟಿದೆ, ಗಂಡು ಕೂಸು, ಹೊರಗಿನವರು ಬರಬೇಡಿ. ಅಷ್ಟರಲ್ಲಿ ಒಳಗಿನಿಂದ ಮಾನ್‌ಬೊಕ್‌ನ ದನಿ ಕೇಳಿಸಿತು. "ಬಾಯಾರಿಕೆ ಆಯ್ತಾ, ನನ್ನಪ್ಪಾ? ಇರು, ಬೆಚ್ಚಗೆ ಮಾಡ್ಕೊಂಡು ಬರ್ತೀನಿ."

ಜೊಮ್ರೆ ಊರಮನೆಯತ್ತ ಓಡಿದಳು. ಚಳಿಗಾಲದಲ್ಲಿ ಸೌದೆ ಉಳಿಸಲೆಂದು ಇಡೀ ದಲ್ಗೋಲ್ ಹಗಲೆಲ್ಲ ಅಲ್ಲಿನ ಬಿಸಿ ನೆಲದ ಮೇಲೆ ಬಿದ್ದುಕೊಂಡಿರುತ್ತಿತ್ತು.

"ಹಡೆದಿದಾಳೆ!"

"ಯಾರು, ನಿಮ್ಮನೆ ನಾಯೀನಾ?" ಎಂದ ದೊಂಗ್‌ಚಿಲ್, ಇಸ್ಪೀಟೆಲೆಯಿಂದ ಕಣ್ಣೆತ್ತದೆ.

"ಒಕ್‌ಬುನ್ ಅಕ್ಕ! ಗೇಟಿಗೆ ಹಗ್ಗ ಕಟ್ಟಿದಾರೆ, ಕೆಂಪು ಮೆಣಸಿನಕಾಯಿ! ಭಾವ ಒಳಗೆ ಕೂಸನ್ನ ಮಾತಾಡಿಸ್ತಿದಾರೆ, ಈ ಕಿವಿಯಾರೆ ಕೇಳ್ದೆ!"

ಒಬ್ಬಳ ಕೈಯಿಂದ ಒಣ ಹಣ್ಣು ಕೆಳಗೆ ಬಿತ್ತು.

"ಅವಳಿಗೆ ಐವತ್ತೊಂಬತ್ತು ಕಣೇ," ಎಂದ ದೊಂಗ್‌ಚಿಲ್.

"ಅದಕ್ಕೇ ಮುಚ್ಚಿಟ್ಟಿದಾರೆ! ಚಳಿಗಾಲ ಪೂರ್ತಿ ಆ ದಪ್ಪ ಕೋಟು ಬಿಚ್ಚಿದ್ಲಾ ಅವಳು? ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ. ಆ ಕೋಣೆಯಲ್ಲಿದ್ದ ಯಾರೂ ಚಳಿಗಾಲದಲ್ಲಿ ತಮ್ಮ ಕೋಟನ್ನೂ ಬಿಚ್ಚಿರಲಿಲ್ಲ. ಆದರೆ ಇಂಥ ಮಹತ್ವದ ಗಳಿಗೆಯಲ್ಲಿ ಸಣ್ಣಪುಟ್ಟ ಸಂಗತಿ ಯಾರಿಗೆ ಹೊಳೆಯುತ್ತದೆ?

"ದೇಗೂಗೆ ಹೋಗಿದಾಳೆ ಅಂತ ಮಾನ್‌ಬೊಕ್ ಅಂದ," ಎಂದರು ಯಾರೋ.

"ಬಸ್ ಹತ್ತಿದ್ದು ನೋಡಿದ್ರಾ?"

"ಇಲ್ಲ."

"ಮತ್ತೆ!" ಎಂದಳು ಜೊಮ್ರೆ. ವಿಚಾರಣೆ ಅಲ್ಲಿಗೆ ಮುಗಿಯಿತು.

ಬೆಚ್ಚಗಿನ ಮೂಲೆಯಲ್ಲಿ ಊರಿಗೆಲ್ಲ ಹಿರಿಯಳಾದ ಗೊಪ್‌ಸುನ್ ಅಜ್ಜಿ ಮಲಗಿದ್ದಳು. ತೊಂಬತ್ತು ದಾಟಿದ ಜೀವ, ಕಿವಿ ಮಂದ. ಯಾರಾದರೂ ಓಡುತ್ತ ಬಂದರೆ ಅವಳ ಪ್ರಶ್ನೆ ಸಿದ್ಧವಾಗಿರುತ್ತಿತ್ತು. "ಯಾರು ಹೋದ್ರಂತೆ?"

"ಹೋಗಿಲ್ಲ ಅಜ್ಜೀ, ಬಂದಿದೆ! ಕೂಸು ಹುಟ್ಟಿದೆ, ನಮ್ಮೂರಲ್ಲಿ!"

ಅಜ್ಜಿ ಎದ್ದು ಕೂತಳು. ತಲೆಗೂದಲು ಸರಿಮಾಡಿಕೊಂಡಳು. "ಇನ್ನೊಂದ್ಸಲ ಹೇಳೇ," ಎಂದಳು.

ಆಮೇಲೆ ದೊಂಗ್‌ಚಿಲ್ ಧ್ವನಿವರ್ಧಕ ಹಿಡಿದ. "ಆ... ಆ... ಗ್ರಾಮಸ್ಥರ ಗಮನಕ್ಕೆ. ಕೇಳೋ ಮುಂಚೆ ಎಲ್ಲಾರೂ ಏನಾದ್ರೂ ಹಿಡ್ಕೊಳ್ಳಿ. ಪ್ಯೋ ಮಾನ್‌ಬೊಕ್ ಅವರ ಮನೇಲಿ ಗಂಡು ಮಗು ಜನನ ಆಗಿದೆ. ಬಾಣಂತಿ ವಯಸ್ಸನ್ನ ಯಾರೂ ಲೆಕ್ಕ ಹಾಕ್ಬೇಡಿ. ನಾನು ಹಾಕಿದೀನಿ, ತಲೆ ತಿರುಗತ್ತೆ. ಯಾರೂ ಹಗ್ಗ ದಾಟ್ಬೇಡಿ. ಆ ದಾರೀಲಿ ಟ್ರ್ಯಾಕ್ಟರ್ ಓಡಿಸ್ಬೇಡಿ. ನಾಯಿಗಳನ್ನ ಕಟ್ಟಿಹಾಕಿ." ಮಾನ್‌ಬೊಕ್ ಆಗ ಬೀಜದ ಪಕ್ಕ ಕಂಬಳಿಯೊಳಗೆ ತಲೆ ತೂರಿಸಿ ಗೊರಕೆ ಹೊಡೆಯುತ್ತಿದ್ದ.

ಎದ್ದು ನೋಡಿದರೆ ಊರು ನಿಶ್ಶಬ್ದ. ಒಬ್ಬರೂ ಬಾಗಿಲು ತೆಗೆಯಲಿಲ್ಲ. ಅಂಗಳದ ಗೋಡೆಯ ಮೇಲೆ ಸಾಲಾಗಿ ಮುಚ್ಚಿದ ಪಾತ್ರೆಗಳು, ಎಲ್ಲದರಲ್ಲೂ ಕಡಲಪಾಚಿಯ ಬಿಸಿ ಸಾರು. ಹೆಂಡತಿ ಊರಲ್ಲಿಲ್ಲವೆಂದು ಎಷ್ಟು ಕಾಳಜಿ ನೋಡು ಎಂದು ಅವನ ಕಣ್ಣು ಒದ್ದೆಯಾಯಿತು. ಎಲ್ಲರೂ ಒಂದೇ ಸಾರು ಮಾಡಿದ್ದು ಯಾಕೆಂದು ತಿಳಿಯಲಿಲ್ಲ, ಅದು ಹಡೆದವಳಿಗೆ ಕೊಡುವ ಸಾರೆಂಬುದೂ ಆ ಹೊತ್ತಿಗೆ ಹೊಳೆಯಲಿಲ್ಲ. ಹಸಿದವನು ಪಾತ್ರೆಯ ಹಿಂದೆ ಪಾತ್ರೆ ಖಾಲಿ ಮಾಡಿದ. ಬಾಣಂತಿಗೆ ಹಸಿವು ಚೆನ್ನಾಗಿದೆ ಎಂದು ಊರು ಸಂತೋಷಪಟ್ಟಿತು.

ಮರುದಿನ ದೊಂಗ್‌ಚಿಲ್ ಕೋಟು ತೊಟ್ಟು, ಹಗ್ಗದಿಂದ ಒಂದು ಮಾರು ಹಿಂದೆ ನಿಂತು ಪಿಸುಗುಟ್ಟಿ ಕರೆದ. "ಅಣ್ಣಾ! ಹೇಗಿದೆ?"

ಒಕ್‌ಬುನ್ ಹೋಗುವಾಗ ಬೀಜದ ವಿಷಯ ಇವನಿಗೂ ಹೇಳಿ ಹೋಗಿದ್ದಾಳೆಂದು ಮಾನ್‌ಬೊಕ್ ಎಣಿಸಿದ. "ಈಗ್ಲೇ ಏನೂ ಹೇಳಕ್ಕಾಗಲ್ಲಪ್ಪ. ಉಸಿರು ಬಿಗಿಹಿಡ್ಕೊಂಡು ಕೂತಿದೀನಿ."

"ತೂಕ ಎಷ್ಟಿದೆ?"

"ತೂಕ ಯಾರು ನೋಡ್ತಾರೆ? ಒಂದು ಹಿಡಿ ಇದೆ."

"ಒಂದು... ಹಿಡಿ?"

"ಇದ್ದಿದ್ದೇ ಅಷ್ಟು. ಹೋದ ವರ್ಷದ್ದು ನನ್ ತಪ್ಪಿಂದ ಹೋಯ್ತು. ಶೆಕೆ ಜಾಸ್ತಿ ಮಾಡ್ಬಿಟ್ಟೆ."

ಹೋದ ವರ್ಷವೂ ಒಂದಿತ್ತು! ದೊಂಗ್‌ಚಿಲ್ ತಲೆಯ ಮೇಲಿನ ಟೋಪಿ ತೆಗೆದ. ಇಷ್ಟು ದೊಡ್ಡ ದುಃಖ ನುಂಗಿಕೊಂಡು ಈ ಮನುಷ್ಯ ನಮ್ಮ ಜೊತೆ ಇಸ್ಪೀಟು ಆಡುತ್ತಿದ್ದನಲ್ಲ ಎಂದು ಅವನು ಟೋಪಿಯನ್ನು ಎದೆಗೊತ್ತಿಕೊಂಡ. "ಆಸ್ಪತ್ರೆಗೆ ತೋರಿಸ್ಬಾರ್ದಾ ಅಣ್ಣಾ?"

"ಇದಕ್ಕೆಲ್ಲ ಆಸ್ಪತ್ರೆನಾ? ಒದ್ದೆ ಬಟ್ಟೇಲಿ ಸುತ್ತಿಟ್ಟಿದೀನಿ."

"ಒದ್ದೆ ಬಟ್ಟೇಲಾ!"

"ಒಣಬಟ್ಟೇಲಿ ಸುತ್ತಿದ್ರೆ ಸಾಯಲ್ವೇನೋ? ಹೋಗು ಹೋಗು, ಒಳಗೆ ನೀರು ಆರತ್ತೆ."

ದೊಂಗ್‌ಚಿಲ್ ಅಲ್ಲಿಂದ ಓಡಿದ ಓಟವನ್ನು ಅವನ ಹಸು ಕೂಡ ಬೆರಗಾಗಿ ನೋಡಿತು. ಅವನು ಹೋಬಳಿ ಕಚೇರಿಗೆ ಫೋನ್ ಹಚ್ಚಿ, ಐವತ್ತೊಂಬತ್ತರ ಬಾಣಂತಿ, ಹಿಡಿಯಷ್ಟು ಕೂಸು, ಒದ್ದೆ ಬಟ್ಟೆ, ಎಂದು ಒಂದೇ ಉಸಿರಿಗೆ ಒದರಿದ. ಅತ್ತ ಕಡೆ ಫೋನ್ ಎತ್ತಿದ್ದು ತಾಕ್ ಮೇಡಂ. ಆ ಹೋಬಳಿಯ ಜನಸಂಖ್ಯೆ ಹೆಚ್ಚಿಸುವುದು ಆಕೆಯ ಹೊಣೆ. ಕೆಲಸಕ್ಕೆ ಸೇರಿದಂದಿನಿಂದ ಆಕೆ ಹೆಚ್ಚಾಗಿ ಹೋದದ್ದು ಶವಸಂಸ್ಕಾರಗಳಿಗೆ. ಸುದ್ದಿ ಕೇಳಿ ಆಕೆ ಕುರ್ಚಿಯಿಂದ ಎದ್ದು ನಿಂತೇ ಉಳಿದ ಮಾತು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸ್ ಬಂತು. ಹಿಂದೆಯೇ ತಾಕ್ ಮೇಡಂ, ಒಂದು ಪೆಟ್ಟಿಗೆ ಲಂಗೋಟಿ, ಮತ್ತು ಎರಡು ಕಂಬಗಳ ನಡುವೆ ಕಟ್ಟುವಷ್ಟು ಉದ್ದದ ಬ್ಯಾನರ್: 'ದಲ್ಗೋಲ್ ಗ್ರಾಮದ ಸುಪುತ್ರನಿಗೆ ಸುಸ್ವಾಗತ'. ಆದರೆ ಗೇಟಿನಲ್ಲಿ ಊರಿನ ಹೆಂಗಸರು ಕೋಟೆಯಂತೆ ನಿಂತಿದ್ದರು.

"ದಾರಿ ಬಿಡಿ, ಮಗೂಗೆ ಬೇಗ ಆಸ್ಪತ್ರೆ ಬೇಕು," ಎಂದಳು ತಾಕ್ ಮೇಡಂ.

"ಹಗ್ಗ ದಾಟಿದ್ರೆ ಕೂಸಿಗೆ ಆಗಲ್ಲಮ್ಮಾ," ಎಂದಳು ಜೊಮ್ರೆ. "ನೀನು ಬರ್ತಾ ದಾರೀಲಿ ಏನು ನೋಡ್ಕೊಂಡು ಬಂದಿದೀಯೋ ಯಾರಿಗ್ಗೊತ್ತು? ಶವ ಗಿವ ನೋಡಿಲ್ಲ ತಾನೇ?"

ತಾಕ್ ಮೇಡಂ ಹಿಂದಿನ ದಿನವಷ್ಟೇ ಒಂದು ಶವಸಂಸ್ಕಾರಕ್ಕೆ ಹೋಗಿ ಬಂದಿದ್ದಳು. ಪ್ರಾಮಾಣಿಕಳಾದ್ದರಿಂದ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆಕೆಯ ಫೋನ್ ಮಾತ್ರ ಬಿಡದೆ ಬಡಿದುಕೊಳ್ಳುತ್ತಿತ್ತು. ಮೇಲಧಿಕಾರಿ ಗಳಿಗೆಗೊಮ್ಮೆ ಕೂಸಿನ ಕ್ಷೇಮ ಕೇಳುತ್ತಿದ್ದರು.

ಒಳಗೆ ಮಾನ್‌ಬೊಕ್ ಕಿಟಕಿಗೆ ಅಂಟಿಸಿದ್ದ ಕಾಗದಕ್ಕೆ ತೂತು ಮಾಡಿ ನೋಡಿದ. ಗೇಟಿನ ಹೊರಗೆ ಇಡೀ ಊರು, ಮಧ್ಯದಲ್ಲಿ ಮಿಣಮಿಣ ದೀಪದ ಗಾಡಿ. ಬೀಜದ ಮೇಲೆ ಗಾಳಿ ಬೀಳಲಿರುವುದು ಅವನಿಗೆ ಖಚಿತವಾಯಿತು. ಅವನು ಮನೆಯಲ್ಲಿದ್ದ ಹಾಸಿಗೆಯನ್ನೆಲ್ಲ ಬಾಗಿಲಿಗೆ ಒಡ್ಡಿ ಅದಕ್ಕೆ ಬೆನ್ನು ಕೊಟ್ಟು ಕೂತ.

ಆಗಲೇ ಬಸ್ಸು ಬಂತು. ಬಸ್ಸಿನಿಂದ ಒಕ್‌ಬುನ್ ಇಳಿದಳು. ಅಕ್ಕನ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಮುಗಿಯುತ್ತಲೇ ಬೀಜದ ಚಿಂತೆಯಲ್ಲಿ ಓಡಿ ಬಂದಿದ್ದಳು. ಹೆಗಲ ಮೇಲೆ ಗಂಟು, ತಲೆಯ ಮೇಲೆ ಅಕ್ಕನ ಮನೆಯ ಮೂಲಂಗಿ ಚೀಲ.

ಜನ ಎರಡು ಭಾಗವಾಗಿ ಸರಿದು ದಾರಿ ಬಿಟ್ಟರು. ಮುದುಕರು ತಲೆ ಬಾಗಿಸಿದರು.

"ಹಸಿಮೈಯಲ್ಲಿ ಯಾರ ಕಣ್ಣಿಗೂ ಬೀಳದೆ ಸಂತೆಗೆ ಹೋಗಿ ಮೂಲಂಗಿ ಹೊತ್ಕೊಂಡು ಬರ್ತಿದಾಳಲ್ಲ!" ಎಂದು ಯಾರೋ ಉಸುರಿದರು.

"ಅಕ್ಕಾ, ಗಾಳಿಗೆ ನಿಲ್ಬೇಡ!" ಜೊಮ್ರೆ ತನ್ನ ಶಾಲು ತೆಗೆದು ಅವಳ ತಲೆಗೆ ಸುತ್ತಿದಳು. "ಯಾರಿಗೂ ಹೇಳ್ದೇ ಒಬ್ಳೇ ಹೆತ್ಯಲ್ಲೇ ಮಹಾತಾಯೀ!"

"ಏನನ್ನ ಹೆತ್ತೆ?" ಎಂದಳು ಒಕ್‌ಬುನ್. ಆಮೇಲೆ ಅವಳ ಕಣ್ಣು ಗೇಟಿನ ಹಗ್ಗಕ್ಕೆ ಹೋಯಿತು, ಲಂಗೋಟಿಯ ಪೆಟ್ಟಿಗೆಗೆ ಹೋಯಿತು, ಬ್ಯಾನರಿಗೆ ಹೋಯಿತು. ಅವಳ ಮುಖ ನಿಧಾನಕ್ಕೆ ಮೂಲಂಗಿಯ ಬಣ್ಣಕ್ಕೆ ತಿರುಗಿತು. ತಾನು ಹೆತ್ತಿಲ್ಲವೆಂಬುದು ಆ ಊರಿನಲ್ಲಿ ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ. ಹಾಗಾದರೆ ಹೆತ್ತವಳು ಯಾರು?

ಅವಳು ಮೂಲಂಗಿ ಚೀಲ ದೊಂಗ್‌ಚಿಲ್‌ನ ಕೈಗೆ ಹಾಕಿ, ಹಗ್ಗವನ್ನು ಒಂದೇ ಏಟಿಗೆ ಕಿತ್ತು, ಬಾಗಿಲಿಗೆ ಹೆಗಲು ಕೊಟ್ಟಳು. ಹಾಸಿಗೆ, ಗಂಡ, ಎಲ್ಲ ಒಟ್ಟಿಗೆ ಒಳಕ್ಕೆ ಉರುಳಿದವು.

"ಯಾರ್ರೀ ಅವಳು? ಎಲ್ಲಿ ಕೂಸು?"

"ಯಾವ ಕೂಸೇ? ಬಾಗಿಲು ಹಾಕೇ ಮಾರಾಯ್ತೀ, ನಿಮ್ಮಮ್ಮ ಸತ್ತುಹೋಗ್ತಾಳೆ!" ಎಂದು ಕಿರುಚಿ ಮಾನ್‌ಬೊಕ್ ತೆವಳಿಕೊಂಡು ಹೋಗಿ ಮೂಲೆಯ ಕಂಬಳಿಯ ಮೇಲೆ ಬೋರಲು ಬಿದ್ದ.

ಒಕ್‌ಬುನ್‌ಗೆ ಆಗ ಅರ್ಥವಾಯಿತು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ಕಂಬಳಿ ಎತ್ತಿದಳು. ಹಿಂದೆ ಒಬ್ಬೊಬ್ಬರಾಗಿ ಊರೇ ಒಳಗೆ ಬಂದಿತ್ತು. ಸಣ್ಣದೊಂದು ಬಟ್ಟೆಯ ಗಂಟು ಕಂಡು ಜೊಮ್ರೆ ಬಾಯಿಗೆ ಕೈ ಅಡ್ಡ ಹಿಡಿದಳು. ಒಕ್‌ಬುನ್ ಗಂಟು ಬಿಚ್ಚಿದಳು.

"ಮೆಣಸಿನ ಬೀಜ," ಎಂದ ದೊಂಗ್‌ಚಿಲ್, ಮೂಲಂಗಿ ಚೀಲ ಎದೆಗವಚಿಕೊಂಡು.

ಒಕ್‌ಬುನ್ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದಳು. ಚಪ್ಪಟೆ, ಹಳದಿ, ಬುರುಡೆಯಲ್ಲಿದ್ದ ಹಾಗೇ ಇತ್ತು. ಇನ್ನೊಂದು ಎತ್ತಿದಳು. ಅದೂ ಹಾಗೇ. "ಹಳೇ ಬೀಜ," ಎಂದಳು ಮೆಲ್ಲಗೆ. "ನಿಮ್ ತಪ್ಪಲ್ಲ ಬಿಡಿ. ಜೀವ ಹೋಗಿತ್ತು." ಮಾನ್‌ಬೊಕ್ ಎದ್ದು, ಅಭ್ಯಾಸಬಲದಿಂದ ಕಂಕುಳಿಗೆ ಹಾಕಿದ ಕೈ ತೆಗೆಯುವುದನ್ನೂ ಮರೆತು ನಿಂತಿದ್ದ. ಅವನ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ.

"ಸ್ವಲ್ಪ ಸರ್ಕೊಳ್ರೇ. ಇಷ್ಟು ದೂರ ಬಂದಿದೀನಿ, ನಾನು ನೋಡ್ಬೇಕು," ಎಂದಿತು ಹಿಂದಿನಿಂದ ಒಂದು ದನಿ. ಇಬ್ಬರ ಹೆಗಲು ಹಿಡಿದು ಗೊಪ್‌ಸುನ್ ಅಜ್ಜಿ ಬಂದಿದ್ದಳು. ಅವಳು ಮೊಣಕಾಲೂರಿ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದಳು. ಆಮೇಲೆ ಕಿರುಬೆರಳಿನ ಉಗುರಿನಿಂದ ಒಂದು ಬೀಜವನ್ನು ಹೊರಳಿಸಿದಳು.

"ಇದೇನೇ ಇದು? ಬಾಲ ಇದೆ."

ಬೀಜದ ಮೂಲೆಯಲ್ಲಿ ಎಳ್ಳಿನ ತುದಿಗಿಂತ ಸಣ್ಣದಾದ ಬಿಳಿ ಚುಕ್ಕೆ. ಎಲ್ಲರೂ ಮಂಡಿಯೂರಿದರು. ಕನ್ನಡಕಗಳು ಕೈಯಿಂದ ಕೈಗೆ ಓಡಾಡಿದವು.

"ಇಲ್ಲೊಂದಿದೆ!"

"ಇಲ್ನೋಡಿ, ಇದು ಸೊಟ್ಟ ಇದೆ, ಆದ್ರೂ ಬಂದಿದೆ!"

"ಉಸಿರು ಬಿಡ್ಬೇಡ್ರೋ, ಹಾರೋಗ್ತಾವೆ!"

ವರ್ಷ ವರ್ಷ ಸಾವಿರಾರು ಮೆಣಸಿನ ಗಿಡ ನೆಟ್ಟು ಕಿತ್ತ ಜನ. ಮೊಳಕೆ ಅವರಿಗೆ ಹೊಸದಲ್ಲ. ಆದರೂ ಕೂಸು ನೋಡಲೆಂದು ಸಿದ್ಧವಾಗಿ ಬಂದ ಕಣ್ಣುಗಳು ಅವು, ಅವತ್ತು ಬೇರೆ ತರಹ ನೋಡಿದವು. ಸತ್ತಂತಿದ್ದ ಒಂದು ಚಪ್ಪಟೆ ಚೂರು ತಾನಾಗಿಯೇ ನೆಲ ಹುಡುಕಿಕೊಂಡು ಕಾಲು ಚಾಚಿತ್ತು. ಇಷ್ಟು ವರ್ಷ ಇದು ತಮ್ಮ ಕಣ್ಣೆದುರೇ ಆಗುತ್ತಿತ್ತಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ತಾವಾಗಿಯೇ ಹೋಗಿ ಬಾಗಿಲು ಮುಚ್ಚಿದರು. ಅಷ್ಟು ಜನರ ಮೈಶಾಖಕ್ಕೆ ಕೋಣೆ ಬೆಚ್ಚಗಾಗಿತ್ತು.

ತಾಕ್ ಮೇಡಂಳ ಫೋನ್ ಮತ್ತೆ ಬಡಿದುಕೊಂಡಿತು. ಎಲ್ಲರೂ ಒಟ್ಟಿಗೆ ಅವಳತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವಳು ಮೂಲೆಗೆ ಸರಿದು ಬಾಯಿಗೆ ಕೈ ಮರೆಮಾಡಿದಳು.

"ಹೌದು ಸರ್... ಬಂದಿವೆ ಸರ್. ಇಲ್ಲ, ಒಂದಲ್ಲ, ಬಹಳ ಇವೆ... ಆಂಬುಲೆನ್ಸ್ ವಾಪಸ್ ಕಳಿಸ್ತೀನಿ. ಎಲ್ಲಾ ಆರೋಗ್ಯವಾಗಿವೆ." ಆಮೇಲೆ ಅವಳು ಅತ್ತಲಿನ ಪ್ರಶ್ನೆ ಕೇಳಿಸಿಕೊಂಡು, ಬಟ್ಟೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದ ಇಬ್ಬರನ್ನೂ ನೋಡಿದಳು.

"ತಾಯಿನಾ ಸರ್? ತಾಯಿ ಅಳ್ತಿದಾರೆ. ಇಲ್ಲ ಸರ್, ಗಾಬರಿ ಏನಿಲ್ಲ. ತಂದೇನೂ ಅಳ್ತಿದಾರೆ."